ಮಕ್ಕಳಿಗೆ ಕೋಡಿಂಗ್ ಕಿಟ್ ಕೊಳ್ಳುವ ಮುಂಚೆ ಒಮ್ಮೆ ನೆಟ್ ಆಫ್ ಮಾಡಿ ನೋಡಿ

ಮಕ್ಕಳಿಗೆ ಕೋಡಿಂಗ್ ಕಲಿಸುವ ರೋಬೋಟೋ, ಟ್ಯಾಬ್ಲೆಟ್ಟೋ, ಕಿಟ್ಟೋ ಕೊಳ್ಳುವ ಯೋಚನೆ ಇದ್ದರೆ ಇದನ್ನು ಪೂರ್ತಿ ಓದಿ. ಡಬ್ಬದ ಮೇಲೆ ‘ಬಳಸಲು ಆ್ಯಪ್ ಮತ್ತು ಅಕೌಂಟ್ ಬೇಕು’ ಅಂತ ಸಣ್ಣ ಅಕ್ಷರದಲ್ಲಿ ಇದ್ದರಂತೂ ಇನ್ನೂ ನಿಧಾನವಾಗಿ ಓದಿ. ನಮ್ಮ ಮನೆಯಲ್ಲಿ ಅಂಥದ್ದೊಂದು ರೋಬೋಟ್ ಇದೆ. ಮೋಟರ್ ಚೆನ್ನಾಗಿದೆ, ಬ್ಯಾಟರಿ ಚಾರ್ಜ್ ಆಗುತ್ತದೆ, ಒಂದು ಸ್ಕ್ರೂ ಕೂಡ ಸಡಿಲ ಆಗಿಲ್ಲ. ಆದರೂ ಅದು ಇನ್ನು ಓಡುವುದಿಲ್ಲ. ಅದನ್ನು ಮಾರಿದ ಕಂಪನಿ ತನ್ನ ಸರ್ವರ್ ನಿಲ್ಲಿಸಿಬಿಟ್ಟಿದೆ.

ಮೊದಲಿಗೆ ಒಂದು ಮಾತು. ಆ ರೋಬೋಟ್ ಕಳಪೆ ಸಾಮಾನೇನಲ್ಲ. ಎರಡು ಚಕ್ರ, ಮುಂದೆ ಅಡ್ಡ ಬಂದದ್ದನ್ನು ಗುರುತಿಸುವ ಸೆನ್ಸರ್, ನೆಲದ ಗೆರೆ ನೋಡಿಕೊಂಡು ಹೋಗುವ ಇನ್ನೊಂದು ಸೆನ್ಸರ್, ಒಂದಷ್ಟು ಬಣ್ಣದ ದೀಪ. ಫೋನಿನ ಆ್ಯಪ್‌ನಲ್ಲಿ ಬಣ್ಣಬಣ್ಣದ ಬ್ಲಾಕ್‌ಗಳನ್ನು ಒಂದಕ್ಕೊಂದು ಜೋಡಿಸಿದರೆ ಪ್ರೋಗ್ರಾಂ ಆಗುತ್ತಿತ್ತು. ಮಗಳು ಅದಕ್ಕೆ ಅಂಟಿಕೊಂಡಳು. ಗೋಡೆ ಹತ್ತಿರ ಬಂದರೆ ತಿರುಗು, ಮೂಲೆಗೆ ಸಿಕ್ಕಿಕೊಂಡರೆ ಹಿಂದೆ ಬಾ, ಇಷ್ಟನ್ನು ಸರಿಯಾಗಿ ಮಾಡಿಸುವುದಕ್ಕೇ ಎಷ್ಟೋ ಸಂಜೆ ಕೂತಿದ್ದಾಳೆ. ಒಂದು ಷರತ್ತಿನೊಳಗೆ ಇನ್ನೊಂದು ಷರತ್ತು ಇಡುವುದನ್ನು ಯಾರೂ ಹೇಳಿಕೊಡದೆ ತಾನೇ ಕಂಡುಕೊಂಡಳು. ಕಲಿಕೆ ಅಂದ್ರೆ ಹೀಗಿರಬೇಕು ಅಂತ ನಮಗೆಲ್ಲ ಖುಷಿ ಆಗಿತ್ತು.

ಆಮೇಲೆ ಒಂದು ಇಮೇಲ್ ಬಂತು. ‘ನಮ್ಮ ಪಯಣದಲ್ಲಿ ಜೊತೆಗಿದ್ದಕ್ಕೆ ಧನ್ಯವಾದ’ ಅಂತ ಶುರುವಾಗಿ, ತಿಂಗಳ ಕೊನೆಗೆ ಸೇವೆ ನಿಲ್ಲುತ್ತದೆ ಅಂತ ಮುಗಿದಿತ್ತು. ರೋಬೋಟ್ ಗತಿ ಏನು ಅಂತ ಒಂದು ಸಾಲೂ ಇರಲಿಲ್ಲ. ಅದು ನಮ್ಮ ಮನೆಯಲ್ಲೇ ಇದೆಯಲ್ಲ, ಬ್ಲೂಟೂತ್‌ನಲ್ಲಿ ಫೋನಿಗೆ ಸೇರುತ್ತದಲ್ಲ, ಕಂಪನಿಯ ಸರ್ವರ್ ಯಾಕೆ ಬೇಕು? ಯಾರಿಗಾದರೂ ಹಾಗೆ ಅನ್ನಿಸುವುದು ಸಹಜ. ಆದರೆ ಆ ಆ್ಯಪ್ ತೆರೆದಾಗಲೆಲ್ಲ ಮೊದಲು ಸರ್ವರ್‌ಗೆ ಹೋಗಿ ‘ಈ ಅಕೌಂಟ್ ಚಾಲ್ತಿಯಲ್ಲಿದೆಯಾ’ ಅಂತ ಕೇಳುತ್ತದೆ. ಉತ್ತರ ಬಂದರೆ ಮಾತ್ರ ಒಳಗೆ ಬಿಡುತ್ತದೆ. ಸರ್ವರ್ ನಿಂತ ದಿನದಿಂದ ಲಾಗಿನ್ ಪರದೆ ದಾಟಿ ಹೋಗಲು ಆಗುತ್ತಿಲ್ಲ. ಗೋಡೆಗೆ ಢಿಕ್ಕಿ ಹೊಡೆಯದೆ ತಿರುಗಲು ರೋಬೋಟಿಗೆ ಇಂಟರ್ನೆಟ್ ಏನೂ ಬೇಕಿಲ್ಲ. ಆ ಬಾಗಿಲನ್ನು ಕಂಪನಿ ಬೇಕೆಂದೇ ಇಟ್ಟದ್ದು, ಚಂದಾ ವಸೂಲಿಗಾಗಿ.

ಸೇವೆ ನಿಲ್ಲುವ ಮುಂಚೆ ಅವಳ ಪ್ರೋಗ್ರಾಂಗಳನ್ನಾದರೂ ಉಳಿಸಿಕೊಳ್ಳೋಣ ಅಂತ ಹೊರಟೆವು. ಆ್ಯಪ್‌ನಲ್ಲಿ ‘ಎಕ್ಸ್‌ಪೋರ್ಟ್’ ಅಂತ ಬಟನ್ ಇತ್ತು. ಒತ್ತಿದರೆ ಬಂದದ್ದು ಚಿತ್ರ. ಬ್ಲಾಕ್‌ಗಳು ಹೇಗೆ ಜೋಡಣೆಯಾಗಿವೆ ಅನ್ನುವ ಫೋಟೋ, ಕೆಳಗೆ ಕಂಪನಿಯ ಲೋಗೋ. ಅದನ್ನು ಬೇರೆ ಎಲ್ಲೂ ತೆರೆದು ಓಡಿಸಲು ಆಗುವುದಿಲ್ಲ. ದೊಡ್ಡ ಪ್ರೋಗ್ರಾಂಗಳಲ್ಲಿ ಪರದೆಯಲ್ಲಿ ಕಾಣುವಷ್ಟೇ ಭಾಗ ಬಂದಿತ್ತು, ಉಳಿದದ್ದು ಕತ್ತರಿಸಿ ಹೋಗಿತ್ತು. ಆ್ಯಪ್ ಮಗಳಿಗೆ ಕೊಟ್ಟಿದ್ದ ಸರ್ಟಿಫಿಕೇಟ್‌ಗಳು ಮಾತ್ರ ಒಳ್ಳೇ ಗುಣಮಟ್ಟದ ಪಿಡಿಎಫ್‌ನಲ್ಲಿ ಸಿಕ್ಕವು. ಮಗು ಬರೆದದ್ದು ಸಿಗಲಿಲ್ಲ, ಕಂಪನಿ ಬರೆದುಕೊಟ್ಟ ಹೊಗಳಿಕೆ ಸಿಕ್ಕಿತು. ಇದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

ಗ್ರಾಹಕ ಸೇವೆಗೆ ಬರೆದದ್ದಕ್ಕೆ ಬಂದ ಉತ್ತರದಲ್ಲಿ ನಮ್ಮ ಪ್ರಶ್ನೆಯನ್ನು ಯಾರೂ ಓದಿದ ಹಾಗೆ ಇರಲಿಲ್ಲ. ನೀವು ಒಪ್ಪಿದ ಷರತ್ತುಗಳ ಪ್ರಕಾರ ಸೇವೆಯನ್ನು ಯಾವಾಗ ಬೇಕಾದರೂ ನಿಲ್ಲಿಸುವ ಹಕ್ಕು ನಮಗಿದೆ, ಅಷ್ಟೇ.

ಎಲೆಕ್ಟ್ರಾನಿಕ್ಸ್ ಗೊತ್ತಿರುವ ಗೆಳೆಯರೊಬ್ಬರು ರೋಬೋಟ್ ಬಿಚ್ಚಿ ನೋಡಿದರು. ಒಳಗಿದ್ದದ್ದು ಇಎಸ್‌ಪಿ32 ಅನ್ನುವ ಚಿಪ್. ಹವ್ಯಾಸಕ್ಕೆ ಏನಾದರೂ ಕಟ್ಟುವವರೆಲ್ಲ ಬಳಸುವ ತೀರಾ ಸಾಮಾನ್ಯ ಚಿಪ್ ಅದು. ವೈಫೈ, ಬ್ಲೂಟೂತ್ ಎರಡೂ ಅದರಲ್ಲೇ ಇವೆ. ಮಾಮೂಲಿಯಾಗಿ ಅದಕ್ಕೆ ಹೊಸ ಪ್ರೋಗ್ರಾಂ ಹಾಕುವುದು ಕಷ್ಟವೇ ಅಲ್ಲ. ಆದರೆ ಈ ಚಿಪ್‌ನಲ್ಲಿ ಇ-ಫ್ಯೂಸ್ ಅಂತ ಒಂದು ವ್ಯವಸ್ಥೆ ಇದೆ. ಒಮ್ಮೆ ಸುಟ್ಟರೆ ಹಿಂದಕ್ಕೆ ತಿರುಗಿಸಲಾಗದ ಗುರುತುಗಳು ಅವು. ಕಾರ್ಖಾನೆಯಲ್ಲೇ ಅವನ್ನು ಸುಟ್ಟು, ಕಂಪನಿಯ ಸಹಿ ಇರುವ ಸಾಫ್ಟ್‌ವೇರ್ ಬಿಟ್ಟು ಬೇರೇನೂ ಓಡದಂತೆ ಬೀಗ ಹಾಕಿದ್ದರು. ಸಹಿ ಹಾಕಲು ಬೇಕಾದ ಕೀಲಿ ಕಂಪನಿ ಹತ್ತಿರ ಇದೆ. ಕಂಪನಿ ಹೋಯಿತು.

ಈ ಬೀಗಕ್ಕೆ ಒಳ್ಳೇ ಉಪಯೋಗವೂ ಇದೆ ಅನ್ನುವುದನ್ನು ಮರೆಮಾಚುವುದಿಲ್ಲ. ಮನೆ ಬಾಗಿಲಿನ ಸ್ಮಾರ್ಟ್ ಲಾಕ್‌ನಲ್ಲಿ ಯಾರೋ ಕಳ್ಳ ಸಾಫ್ಟ್‌ವೇರ್ ತುಂಬಬಾರದು ಅಂದ್ರೆ ಇಂಥ ವ್ಯವಸ್ಥೆ ಬೇಕು. ಆದರೆ ಕಂಪ್ಯೂಟರ್ ಕಲಿಯಲಿ ಅಂತ ಮಗುವಿನ ಕೈಗೆ ಕೊಟ್ಟ ಆಟಿಕೆಗೆ, ‘ನೀನು ಬರೆದದ್ದನ್ನು ಇಲ್ಲಿ ಓಡಿಸಬೇಡ’ ಅನ್ನುವ ಬೀಗ ಯಾಕೆ?

ನಮಗೊಬ್ಬರಿಗೇ ಹೀಗಾದದ್ದು ಅಂದುಕೊಳ್ಳಬೇಡಿ. ರಿವಾಲ್ವ್ ಅಂತ ಮನೆಯ ದೀಪ, ಬೀಗಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಡಬ್ಬಿಯೊಂದಿತ್ತು. ಆ ಕಂಪನಿಯನ್ನು ಸ್ಮಾರ್ಟ್ ಮನೆ ಸಾಧನ ಮಾಡುವ ನೆಸ್ಟ್ ಅನ್ನುವ ಕಂಪನಿ ಕೊಂಡಿತು, 2016ರಲ್ಲಿ ಸರ್ವರ್ ನಿಲ್ಲಿಸಿತು, ಡಬ್ಬಿಗಳು ಕೆಲಸಕ್ಕೆ ಬಾರದಂತಾದವು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಜನ ಕೊಂಡಿದ್ದ ಪುಸ್ತಕಗಳೂ ಅವರ ಸಾಧನಗಳಿಂದ ಹೋದವು. ಹಣ ವಾಪಸ್ ಕೊಟ್ಟರು ನಿಜ, ಆದರೆ ಪುಸ್ತಕ ಹೋಯಿತಲ್ಲ. ನಮ್ಮ ಕಥೆಗೆ ತೀರಾ ಹತ್ತಿರದ್ದು ಮಾಕ್ಸಿ. ಚಿಕ್ಕ ಮಕ್ಕಳ ಜೊತೆ ಮಾತಾಡುವ ರೋಬೋಟ್ ಅದು. ಅದನ್ನು ಮಾಡಿದ ಎಂಬಾಡೀಡ್ ಕಂಪನಿ 2024ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕುತ್ತೇವೆ ಅಂದಿತು. ಮಾತಿನ ಕೆಲಸವೆಲ್ಲ ದೂರದ ಸರ್ವರ್‌ನಲ್ಲಿ ನಡೆಯುತ್ತಿದ್ದರಿಂದ ರೋಬೋಟ್ ಕೂಡ ನಿಲ್ಲುತ್ತದೆ ಅಂತ ಗೊತ್ತಾಯಿತು. ಆದರೆ ಅಲ್ಲಿ ಒಂದು ಒಳ್ಳೇ ಕೆಲಸ ಆಯಿತು. ಜನ ತಮ್ಮದೇ ಕಂಪ್ಯೂಟರ್‌ನಲ್ಲಿ ಸರ್ವರ್ ನಡೆಸಿಕೊಳ್ಳಲು ಆಗುವಂತೆ ಓಪನ್‌ಮಾಕ್ಸಿ ಅನ್ನುವ ಸಾಫ್ಟ್‌ವೇರನ್ನು ಮುಕ್ತವಾಗಿ ಹೊರಗೆ ಬಿಟ್ಟರು. ಅಂದ್ರೆ ಮನಸ್ಸು ಮಾಡಿದರೆ ಮುಳುಗುವ ಕಂಪನಿಗೂ ಇದು ಸಾಧ್ಯ. ನಮ್ಮ ಕಂಪನಿ ಅಷ್ಟು ಮನಸ್ಸು ಮಾಡಲಿಲ್ಲ.

ಸಾಮಾನು ಹೋದದ್ದಕ್ಕಿಂತ ನನಗೆ ಜಾಸ್ತಿ ಚಿಂತೆ ತಂದದ್ದು ಬೇರೆ. ಆ ಚಿತ್ರಗಳನ್ನು ನೋಡಿಕೊಂಡು ಮಗಳು ತನ್ನ ಪ್ರೋಗ್ರಾಂಗಳನ್ನು ಸ್ಕ್ರ್ಯಾಚ್ ಅನ್ನುವ, ಬ್ಲಾಕ್ ಜೋಡಿಸಿಯೇ ಕೋಡಿಂಗ್ ಮಾಡುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಮತ್ತೆ ಕಟ್ಟಲು ಕೂತಳು. ‘ಇದನ್ನು ಫೈಲ್ ಆಗಿ ಸೇವ್ ಮಾಡ್ಕೋ’ ಅಂದೆ. ‘ಫೈಲ್ ಅಂದ್ರೆ ಯಾವ ಆ್ಯಪ್?’ ಅಂತ ಕೇಳಿದಳು. ಲೂಪ್ ಗೊತ್ತು, ಷರತ್ತು ಗೊತ್ತು, ವೇರಿಯೇಬಲ್ ಗೊತ್ತು. ತಾನು ಬರೆದದ್ದು ಒಂದು ವಸ್ತು, ಅದಕ್ಕೆ ಹೆಸರಿಟ್ಟು ಎಲ್ಲೋ ಒಂದು ಕಡೆ ಇಡಬಹುದು, ಇನ್ನೊಬ್ಬರಿಗೆ ಕೊಡಬಹುದು, ಬೇರೆ ಯಂತ್ರದಲ್ಲಿ ತೆರೆಯಬಹುದು ಅನ್ನುವುದು ಗೊತ್ತಿಲ್ಲ. ಅವಳ ಪಾಲಿಗೆ ಪ್ರೋಗ್ರಾಂ ಅಂದ್ರೆ ಆ ಆ್ಯಪ್ ತೆರೆದಾಗ ಕಾಣುವ ಪುಟ. ಆ್ಯಪ್ ಹೋದರೆ ಅದೂ ಹೋಗುವುದು ಸಹಜ ಅಂತಲೇ ಅವಳು ತಿಳಿದಿದ್ದಳು. ಅಳಲೂ ಇಲ್ಲ. ಅವಳು ಅತ್ತಿದ್ದರೇ ನನಗೆ ಸಮಾಧಾನ ಆಗುತ್ತಿತ್ತು.

ಇದು ಅವಳ ತಪ್ಪಲ್ಲ. ಎಲ್ಲವನ್ನೂ ತಾನೇ ಇಟ್ಟುಕೊಳ್ಳುವ ಆ್ಯಪ್ ಮಗುವಿಗೆ ಕಲಿಸುವುದೇ ಇದನ್ನು. ಸೇವ್ ಬಟನ್ ಇಲ್ಲ, ಫೋಲ್ಡರ್ ಇಲ್ಲ, ಹೆಸರಿಡುವ ಕೆಲಸವೂ ಇಲ್ಲ. ಸುಲಭ ಅಂತ ಮಾರುತ್ತಾರೆ. ಸುಲಭ ಹೌದು. ಆದರೆ ನನ್ನ ಕೆಲಸ ನನ್ನ ಕೈಯಲ್ಲಿರಬೇಕು ಅನ್ನುವ ಅರಿವು ಕಂಪ್ಯೂಟರ್ ಕಲಿಕೆಯ ಒಂದು ಭಾಗ ಅಲ್ವಾ? ಸೀಮರ್ ಪ್ಯಾಪರ್ಟ್, ವಾಲಿ ಫೋರ್ಜೈಗ್, ಸಿಂಥಿಯಾ ಸಾಲೊಮನ್ 1967ರಲ್ಲಿ ಮಕ್ಕಳಿಗೆಂದು ಲೋಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದರು. ಮಗು ಕಂಪ್ಯೂಟರಿಗೆ ಹೇಳಿಕೊಡಬೇಕು, ಕಂಪ್ಯೂಟರ್ ಮಗುವನ್ನು ನಡೆಸಬಾರದು ಅನ್ನುವುದು ಪ್ಯಾಪರ್ಟ್ ಅವರ ವಿಚಾರ. ಅರ್ಧ ಶತಮಾನ ಕಳೆದ ಮೇಲೂ, ಲಾಗಿನ್ ಇಲ್ಲದೆ ಚಕ್ರ ತಿರುಗಿಸದ ರೋಬೋಟನ್ನು ಕಲಿಕೆಯ ಸಾಧನ ಅಂತ ಮಾರುತ್ತಿದ್ದಾರೆ.

ಇನ್ನು ಮಾಹಿತಿಯ ವಿಷಯ. ಅಕೌಂಟ್ ತೆರೆಯುವಾಗ ಮಗುವಿನ ಹೆಸರು, ಹುಟ್ಟಿದ ದಿನ, ತರಗತಿ ಎಲ್ಲ ಕೇಳಿದ್ದರು. ಮಾತಿನಲ್ಲೇ ಆಜ್ಞೆ ಕೊಡುವ ಸೌಲಭ್ಯ ಇದ್ದದ್ದರಿಂದ ಅವಳ ದನಿಯೂ ಅವರ ಹತ್ತಿರ ಇದೆ. ಕಂಪನಿ ಮುಚ್ಚಿದ ಮೇಲೆ ಅದೆಲ್ಲ ಯಾರ ಕೈಗೆ ಹೋಗುತ್ತದೆ? ಇದು ಸುಮ್ನೆ ಹುಟ್ಟಿದ ಭಯ ಅಲ್ಲ. ಟಾಯ್‌ಸ್ಮಾರ್ಟ್ ಅನ್ನುವ ಆಟಿಕೆ ಜಾಲತಾಣ 2000ದಲ್ಲಿ ದಿವಾಳಿ ಆದಾಗ, ಯಾರಿಗೂ ಕೊಡುವುದಿಲ್ಲ ಅಂತ ಮಾತು ಕೊಟ್ಟಿದ್ದ ಗ್ರಾಹಕರ ಪಟ್ಟಿಯನ್ನೇ ಮಾರಲು ಹೊರಟಿತ್ತು. ಅದರಲ್ಲಿ ಮಕ್ಕಳ ಹೆಸರು, ಹುಟ್ಟಿದ ದಿನಗಳೂ ಇದ್ದವು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮೊಕದ್ದಮೆ ಹೂಡಿತು, ಕೊನೆಗೆ ಆ ಪಟ್ಟಿಯನ್ನು ನಾಶ ಮಾಡಲಾಯಿತು. ಕಂಪನಿ ನಡೆಯುತ್ತಿರುವಾಗಲೂ ಅಪಾಯ ತಪ್ಪಿದ್ದಲ್ಲ. 2015ರಲ್ಲಿ ವಿಟೆಕ್ ಅನ್ನುವ ಕಲಿಕಾ ಆಟಿಕೆಗಳ ಕಂಪನಿಯ ಸರ್ವರ್‌ಗೆ ಕನ್ನ ಬಿದ್ದಾಗ 60 ಲಕ್ಷಕ್ಕೂ ಹೆಚ್ಚು ಮಕ್ಕಳ ಪ್ರೊಫೈಲ್‌ಗಳು ಹೊರಬಿದ್ದವು. ಗೋಡೆ ಕಂಡರೆ ತಿರುಗುವ ಆಟಿಕೆಗೆ ಹುಟ್ಟಿದ ದಿನ ಬೇಕಾಗಿಲ್ಲ. ಕೇಳಿದರೆ ಕೊಡಬೇಡಿ. ಕೊಡದೆ ಮುಂದೆ ಹೋಗಲು ಬಿಡದಿದ್ದರೆ ಅದು ಕೊಳ್ಳುವ ಸಾಮಾನಲ್ಲ.

ಹಾಗಾದರೆ ನೋಡುವುದು ಹೇಗೆ? ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆಯೇ ಪರೀಕ್ಷೆ ಮಾಡಿ. ಒಂದು ಚಿಕ್ಕ ಪ್ರೋಗ್ರಾಂ ಬರೆದು ಉಳಿಸಿ. ಆಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬ್ಲೂಟೂತ್ ಮಾತ್ರ ಆನ್ ಮಾಡಿ, ಆ್ಯಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಪ್ರೋಗ್ರಾಂ ಕಾಣುತ್ತದಾ? ರೋಬೋಟ್ ಓಡುತ್ತದಾ? ಕೆಲವು ಆ್ಯಪ್‌ಗಳು ಒಂದೆರಡು ದಿನ ನೆಟ್ ಇಲ್ಲದೆ ನಡೆದು, ಆಮೇಲೆ ಲಾಗಿನ್ ಕೇಳುತ್ತವೆ. ಆದ್ದರಿಂದ ಹಾಗೇ ಕೆಲವು ದಿನ ಬಿಟ್ಟು ನೋಡಿ. ನಂತರ ಅದೇ ಪ್ರೋಗ್ರಾಂ ಫೈಲ್ ಆಗಿ ಹೊರಗೆ ಬರುತ್ತದಾ, ಇನ್ನೊಂದು ಯಂತ್ರದಲ್ಲಿ ತೆರೆದು ತಿದ್ದಲು ಆಗುತ್ತದಾ ನೋಡಿ. ಚಿತ್ರ ಬಂದರೆ ಲೆಕ್ಕಕ್ಕಿಲ್ಲ. ಅಂಗಡಿಯವರು ‘ಎಲ್ಲ ಕ್ಲೌಡ್‌ನಲ್ಲಿ ಭದ್ರವಾಗಿರುತ್ತೆ’ ಅಂದರೆ, ನಿಮ್ಮ ಕಂಪನಿ ಇಲ್ಲದಿದ್ದರೂ ಇರುತ್ತದಾ ಅಂತ ಕೇಳಿ.

ಒಳ್ಳೇ ಉದಾಹರಣೆಗಳಿಗೆ ಬರ ಇಲ್ಲ. ಸ್ಕ್ರ್ಯಾಚ್ 2007ರಿಂದ ಇದೆ, ಉಚಿತ, ನೆಟ್ ಇಲ್ಲದೆ ಕಂಪ್ಯೂಟರ್‌ನಲ್ಲಿ ನಡೆಯುವ ಆವೃತ್ತಿಯೂ ಸಿಗುತ್ತದೆ. ಅದರ ಎಸ್‌ಬಿ3 ಫೈಲ್ ನಿಜಕ್ಕೂ ಒಂದು ಜಿಪ್ ಕಟ್ಟು, ಬಿಚ್ಚಿದರೆ ಒಳಗಿರುವ ಕೋಡ್, ಚಿತ್ರ, ಸದ್ದು ಎಲ್ಲ ಕಾಣುತ್ತದೆ. ಮೈಕ್ರೋಬಿಟ್ ಅಂತ ಕೋಡಿಂಗ್ ಕಲಿಯುವವರಿಗೆ ಮಾಡಿದ ಪುಟ್ಟ ಕಂಪ್ಯೂಟರ್ ಬೋರ್ಡ್ ಇದೆ, ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಪೆನ್‌ಡ್ರೈವ್ ಥರ ಕಾಣುತ್ತದೆ. ಪ್ರೋಗ್ರಾಂ ಫೈಲನ್ನು ಅದರ ಮೇಲೆ ಎಳೆದು ಹಾಕಿದರೆ ಓಡುತ್ತದೆ. ಮೇಕ್‌ಕೋಡ್ ಅನ್ನುವ ಅದರ ಬ್ಲಾಕ್ ಎಡಿಟರ್‌ನಲ್ಲಿ ಮಾಡಿದ ಆ ಫೈಲಿನೊಳಗೇ ಮೂಲ ಬ್ಲಾಕ್‌ಗಳೂ ಇರುತ್ತವೆ, ಫೈಲನ್ನು ಮತ್ತೆ ಎಡಿಟರ್‌ಗೆ ಹಾಕಿದರೆ ಎಲ್ಲ ವಾಪಸ್ ಬರುತ್ತದೆ. ಅಕೌಂಟ್ ಬೇಕಿಲ್ಲ. ನಾವು ಹಳೇ ರೋಬೋಟಿನ ಮೋಟರ್, ಚಕ್ರ ಕಳಚಿ, ನಡುವೆ ಮೋಟರಿಗೆ ಬೇಕಾದಷ್ಟು ವಿದ್ಯುತ್ ಒದಗಿಸುವ ಒಂದು ಮೋಟರ್ ಡ್ರೈವರ್ ಇಟ್ಟು ಮೈಕ್ರೋಬಿಟ್‌ಗೆ ಜೋಡಿಸಿದ್ದೇವೆ. ಇನ್ನೂ ನೇರವಾಗಿ ಓಡುತ್ತಿಲ್ಲ, ಎಡಕ್ಕೆ ಎಳೆಯುತ್ತದೆ. ಯಾಕೆ ಅಂತ ಮಗಳು ಹುಡುಕುತ್ತಿದ್ದಾಳೆ, ಈ ಸಲ ಪ್ರತಿ ಪ್ರಯತ್ನಕ್ಕೂ ಒಂದೊಂದು ಹೆಸರಿಟ್ಟು.

ನಿಮ್ಮ ಮನೆಯಲ್ಲಿ ಈಗಾಗಲೇ ನಮ್ಮದರ ಹಾಗಿನ ಕಿಟ್ ಇದ್ದರೆ ಮುಚ್ಚುವ ಇಮೇಲ್ ಬರುವವರೆಗೆ ಕಾಯಬೇಡಿ. ಎಕ್ಸ್‌ಪೋರ್ಟ್ ಏನು ಕೊಡುತ್ತದೆ ಅಂತ ಇವತ್ತೇ ನೋಡಿ. ಚಿತ್ರ ಮಾತ್ರ ಬರುವುದಾದರೆ ಉದ್ದದ ಪ್ರೋಗ್ರಾಂಗಳನ್ನು ಭಾಗಭಾಗವಾಗಿ ಸ್ಕ್ರೀನ್‌ಶಾಟ್ ತೆಗೆಯಿರಿ, ರೋಬೋಟ್ ಓಡುವುದನ್ನು ವಿಡಿಯೋ ಮಾಡಿಟ್ಟುಕೊಳ್ಳಿ. ಮತ್ತೆ ಕಟ್ಟುವಾಗ ಯಾವ ಬ್ಲಾಕ್ ಏನು ಮಾಡುತ್ತಿತ್ತು ಅನ್ನುವುದು ವಿಡಿಯೋ ನೋಡಿದರೇ ನೆನಪಾಗುತ್ತದೆ. ಸೇವೆ ನಿಲ್ಲುತ್ತದೆ ಅಂತ ಗೊತ್ತಾದರೆ, ಮಗುವಿನ ಪ್ರೋಗ್ರಾಂಗಳನ್ನು ಬೇರೆ ಕಡೆ ತೆರೆಯಲು ಆಗುವ ರೂಪದಲ್ಲಿ ಕೊಡಿ, ಆಮೇಲೆ ಅವಳ ಹೆಸರು, ಹುಟ್ಟಿದ ದಿನ, ದನಿ ಎಲ್ಲ ಅಳಿಸಿ, ಅಳಿಸಿದ್ದಕ್ಕೆ ಬರಹದಲ್ಲಿ ಉತ್ತರ ಕೊಡಿ ಅಂತ ಕಂಪನಿಗೆ ಇಮೇಲ್ ಹಾಕಿ. ಯುರೋಪ್ ಒಕ್ಕೂಟದಲ್ಲಿ ಇರುವವರಿಗೆ 2018ರಿಂದ ಜಾರಿಯಲ್ಲಿರುವ, ವೈಯಕ್ತಿಕ ಮಾಹಿತಿ ಕಾಪಾಡುವ ಜಿಡಿಪಿಆರ್ ಕಾನೂನು ಈ ಎರಡನ್ನೂ ಕೇಳುವ ಹಕ್ಕು ಕೊಡುತ್ತದೆ. ಬೇರೆ ಕಡೆ ಇರುವವರೂ ಕೇಳಿ. ಸೇವೆ ನಿಲ್ಲುವ ಮುಂಚೆಯೇ ಕೇಳಿ. ನಮಗೆ ಉತ್ತರ ಕೊಡುತ್ತಿದ್ದ ಇಮೇಲ್ ವಿಳಾಸ ಸರ್ವರ್ ಜೊತೆಗೇ ನಿಂತುಹೋಯಿತು, ಈಗ ಏನು ಕಳಿಸಿದರೂ ವಾಪಸ್ ಬರುತ್ತಿದೆ.