ಬೇಸ್ ಗಿಟಾರಿಗೆ ಡ್ಯೂರಾಸೆಲ್ 9 ವೋಲ್ಟ್: ಬೆಲೆ ಜಾಸ್ತಿ, ಆದರೂ ನಾನು ಹಾಕುವುದು ಇದನ್ನೇ

ಬ್ಯಾಟರಿಯೇ ಬೇಡದ ಪ್ಯಾಸಿವ್ ಬೇಸ್ ನಿಮ್ಮದಾದರೆ ನೀವು ಪುಣ್ಯವಂತರು, ಈ ರಿವ್ಯೂ ಬಿಟ್ಟು ಪ್ರಾಕ್ಟೀಸ್ ಮಾಡಿಕೊಳ್ಳಿ. ಇದು ಒಳಗೆ ಬ್ಯಾಟರಿ ಬೇಕಾಗುವ ಆಕ್ಟಿವ್ ಬೇಸ್ ಇಟ್ಟುಕೊಂಡವರಿಗೆ. ನನ್ನದು ಐಬನೆಜ್ ಎಸ್‌ಆರ್600ಇ. ಅದಕ್ಕೆ ಅಗ್ಗದ್ದು, ದುಬಾರಿಯದು, ಚಾರ್ಜ್ ಮಾಡುವಂಥದ್ದು ಎಲ್ಲಾ ಹಾಕಿ ನೋಡಿ ಕೊನೆಗೆ ಡ್ಯೂರಾಸೆಲ್ ಆಲ್ಕಲೈನ್‌ಗೆ ಬಂದು ನಿಂತಿದ್ದೇನೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಸುಮ್ನೆ ‘9 ವೋಲ್ಟ್ ಕೊಡಿ’ ಅಂದರೆ ಕೈಗೆ ಬರುವುದು ಹೆಚ್ಚಾಗಿ ಜಿಂಕ್ ಕಾರ್ಬನ್. ಮೇಲೆ ‘ಹೆವಿ ಡ್ಯೂಟಿ’ ಅಂತ ದಪ್ಪ ಅಕ್ಷರ ಬೇರೆ. ಕಾಲೇಜು ಹುಡುಗರ ಪ್ರಾಜೆಕ್ಟಿಗೆ ಅದು ಧಾರಾಳ ಸಾಕು. ಬೇಸ್‌ಗೆ ಸಾಲದು. ಆ ದೊಡ್ಡ ಅಕ್ಷರ ಬಿಡಿ, ಪಕ್ಕದ ಸಣ್ಣ ಕೋಡ್ ನೋಡಿ: 6ಎಫ್22 ಅಂದರೆ ಜಿಂಕ್ ಕಾರ್ಬನ್, 6ಎಲ್‌ಆರ್61 ಅಂದರೆ ಆಲ್ಕಲೈನ್. ಮೊದಲ 6 ಅಂದರೆ ಒಳಗೆ 1.5 ವೋಲ್ಟಿನ ಆರು ಸೆಲ್ಲು. ಆಲ್ಕಲೈನ್‌ನಲ್ಲಿ ಸುಮಾರು 500 ಮಿಲಿಆಂಪ್ ಅವರ್ ಸಿಗುತ್ತದೆ. ಗಿಟಾರಿನ ಪ್ರಿಆಂಪ್, ಅಂದರೆ ಒಳಗೇ ಸದ್ದು ಏರಿಸಿ ತಿದ್ದುವ ಸರ್ಕ್ಯೂಟ್, 1 ಮಿಲಿಆಂಪ್ ಎಳೆಯುತ್ತದೆ ಅಂತಲೇ ಇಟ್ಟುಕೊಳ್ಳಿ, 500 ಗಂಟೆ ಆಯಿತಲ್ವಾ? ವಾರಕ್ಕೊಂದು ಆರ್ಕೆಸ್ಟ್ರಾ ನುಡಿಸುವವರಿಗೆ ತಿಂಗಳುಗಟ್ಟಲೆ ಯೋಚನೆಯಿಲ್ಲ.

ಆದರೆ ಕೇಬಲ್ ಕಿತ್ತಿಟ್ಟರೆ ಮಾತ್ರ. ಬಹಳ ಜನರಿಗೆ ಇದು ಗೊತ್ತೇ ಇಲ್ಲ. ಬೇಸ್‌ನಲ್ಲಿ ಬ್ಯಾಟರಿಗೆ ಬೇರೆ ಸ್ವಿಚ್ ಇರುವುದಿಲ್ಲ, ಕೇಬಲ್ ಚುಚ್ಚುವ ಜ್ಯಾಕೇ ಸ್ವಿಚ್. ಅದು ಸ್ಟೀರಿಯೋ ಜ್ಯಾಕ್. ನಾವು ಚುಚ್ಚುವುದು ಮೋನೋ ಪಿನ್. ಆ ಪಿನ್ನಿನ ಉದ್ದನೆಯ ಭಾಗ ಜ್ಯಾಕಿನೊಳಗಿನ ಎರಡು ಪತ್ತಿಗಳನ್ನು ಸೇರಿಸಿದ ಕೂಡಲೇ ಪ್ರಿಆಂಪ್ ಆನ್. ವಾಲ್ಯೂಮ್ ಸೊನ್ನೆಗೆ ತಿರುಗಿಸಿದರೂ, ಆಂಪ್ ಆಫ್ ಮಾಡಿದರೂ ಬ್ಯಾಟರಿ ಕರಗುತ್ತಲೇ ಇರುತ್ತದೆ. ಚುಚ್ಚಿದಂತೆಯೇ ಬಿಟ್ಟರೆ ದಿನಕ್ಕೆ 24 ಮಿಲಿಆಂಪ್ ಅವರ್ ಹೋಯಿತು, ಮೂರು ವಾರದಲ್ಲಿ ಹೊಸ ಬ್ಯಾಟರಿ ಖಾಲಿ. ಗಣೇಶನ ಪೆಂಡಾಲಿನಲ್ಲಿ ಸಂಜೆ ಸೌಂಡ್‌ಚೆಕ್ ಮುಗಿಸಿ, ಬೇಸ್ ಸ್ಟ್ಯಾಂಡಿಗೆ ಒರಗಿಸಿ, ಮುಖ್ಯ ಅತಿಥಿಗಳ ಭಾಷಣ ಮುಗಿಯುವ ತನಕ ಕಾಯುತ್ತೇವಲ್ಲ, ಆಗಲೂ ಆಂಪ್ ಮ್ಯೂಟ್ ಮಾಡಿ ಗಿಟಾರಿನ ಕಡೆಯ ಪಿನ್ ಎಳೆದಿಡಿ. ಭಾಷಣ ಎಷ್ಟು ಹೊತ್ತು ಅಂತ ಯಾರಿಗೆ ಗೊತ್ತು.

ಡ್ಯೂರಾಸೆಲ್‌ನಲ್ಲಿ ನನಗೆ ಹಿಡಿಸಿದ್ದು ಅದು ಹೇಳಿ ಸಾಯುತ್ತದೆ. ವೋಲ್ಟೇಜ್ ನಿಧಾನಕ್ಕೆ ಇಳಿಯುತ್ತದೆ. ಮೊದಲು ಸ್ಲ್ಯಾಪ್ ಮಾಡಿದಾಗ (ಹೆಬ್ಬೆರಳಲ್ಲಿ ಬಡಿದಾಗ) ದಪ್ಪನೆಯ ಇ ತಂತಿ ಗೊರಗೊರ ಅನ್ನುತ್ತದೆ, ಆಮೇಲೆ ಸದ್ದು ಕುಗ್ಗುತ್ತದೆ. ನಮ್ಮವರು ಆಗ ಆಂಪ್ ಬೈಯುತ್ತಾರೆ, ಕೇಬಲ್ ಬದಲಾಯಿಸುತ್ತಾರೆ. ಪ್ರಿಆಂಪ್ ಬಿಟ್ಟು ನೇರ ಸದ್ದು ಕಳಿಸುವ ಬೈಪಾಸ್ ಸ್ವಿಚ್ ಇದ್ದರೆ ಒತ್ತಿ ನೋಡಿ, ಸದ್ದು ಶುದ್ಧವಾದರೆ ಬ್ಯಾಟರಿಯದೇ ಕತೆ. ನನ್ನದರಲ್ಲಿದೆ, ಯಮಾಹಾ ಟಿಆರ್‌ಬಿಎಕ್ಸ್504ರಲ್ಲೂ ಇದೆ. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ತರಹದ್ದರಲ್ಲಿ ಇಲ್ಲ, ಅಲ್ಲಿ ಬ್ಯಾಟರಿ ಹೋದರೆ ಸದ್ದೇ ಇಲ್ಲ. ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ: ಹೊಸದು 9 ದಾಟಿ ತೋರಿಸುತ್ತದೆ, 8ಕ್ಕಿಂತ ಕೆಳಗಿಳಿದರೆ ನಾನು ತೆಗೆದೇಬಿಡುತ್ತೇನೆ. ಒಂದು ತಮಾಷೆ, ಆ ಅಗ್ಗದ ಹಳದಿ ಮೀಟರಿಗೂ 9 ವೋಲ್ಟ್ ಬ್ಯಾಟರಿಯೇ. ಮೀಟರಿನದ್ದು ಸೊರಗಿದ್ದರೆ ಬೇಸಿನದ್ದನ್ನು ಜಾಸ್ತಿ ತೋರಿಸುತ್ತದೆ.

ಚಾರ್ಜ್ ಮಾಡುವವು ನನಗೆ ಒಗ್ಗಲಿಲ್ಲ. ನಿಕಲ್ ಮೆಟಲ್ ಹೈಡ್ರೈಡ್‌ನವು ಹೆಚ್ಚಾಗಿ 8.4 ವೋಲ್ಟ್, ತಾಕತ್ತೂ ಕಡಿಮೆ. ಯುಎಸ್‌ಬಿ ಚುಚ್ಚುವ ಲಿಥಿಯಂ ಒಂದನ್ನು ತರಿಸಿದ್ದೆ, ಕಂಪನಿ ಹೆಸರು ಬೇಡ ಬಿಡಿ. ಟ್ರೆಬಲ್ ಏರಿಸಿದರೆ ಹಿಂದೆ ಸಣ್ಣಗೆ ಕುಯ್ ಅನ್ನುವ ಸದ್ದು. ಲಿಥಿಯಂ ಸೆಲ್ಲನ್ನು 9 ವೋಲ್ಟಿಗೆ ತರುವ ಪುಟ್ಟ ಸರ್ಕ್ಯೂಟ್ ಒಳಗಿರುತ್ತದೆ, ಅದರ ಗದ್ದಲ ಅದು. ಚಾರ್ಜ್ ಮುಗಿದಾಗಲೂ ಸೂಚನೆಯಿಲ್ಲ, ಹಾಡಿನ ಮಧ್ಯೆ ಪಟ್ ಅಂತ ಆಫ್.

ಬದಲಾಯಿಸುವಾಗ ಕ್ಲಿಪ್ಪಿನ ಕೆಂಪು-ಕಪ್ಪು ವೈರ್ ಹಿಡಿದು ಎಳೆಯಬೇಡಿ, ಬುಡದಲ್ಲೇ ಕಿತ್ತು ಬರುತ್ತವೆ. ಹಿಂದೆ ಮುಚ್ಚಳ ಎತ್ತುವ ಬಾಕ್ಸ್ ಇದ್ದರೆ ಈ ತಲೆನೋವಿಲ್ಲ. ಸ್ಕ್ರೂ ಹಾಕಿದ ಪ್ಲೇಟ್ ಆದರೆ ನಿಧಾನಕ್ಕೆ ತಿರುಗಿಸಿ, ಸ್ಕ್ರೂ ಕೂರುವುದು ಬರೀ ಮರದಲ್ಲಿ. ಕ್ಲಿಪ್ ಸಡಿಲವಾಗಿದ್ದರೆ ಅದರ ಅಗಲದ ಹೂವಿನಂಥ ಬಾಯನ್ನು ಮೂತಿ ಇಕ್ಕಳದಲ್ಲಿ ಸ್ವಲ್ಪ ಒತ್ತಿ. ಎರಡು ಬ್ಯಾಟರಿಯ 18 ವೋಲ್ಟ್ ಬೇಸ್ ಇದ್ದರೆ ಎರಡನ್ನೂ ಒಟ್ಟಿಗೇ ಬದಲಾಯಿಸಿ. ತಿಂಗಳುಗಟ್ಟಲೆ ನುಡಿಸದಿದ್ದರೆ ತೆಗೆದಿಡಿ. ಆಲ್ಕಲೈನೂ ಸೋರುತ್ತದೆ, ಡ್ಯೂರಾಸೆಲ್ ಆದರೂ ಅಷ್ಟೇ.

ಐದಕ್ಕೆ ನಾಲ್ಕು. ಒಂದು ಕಳೆದದ್ದು ಬೆಲೆಗೆ, ಮತ್ತೆ ಸಣ್ಣ ಊರಿನ ಅಂಗಡಿಗಳಲ್ಲಿ ಕೇಳಿದರೆ ಪೆನ್ಸಿಲ್ ಸೆಲ್ ತೋರಿಸುತ್ತಾರೆ ಅನ್ನುವುದಕ್ಕೆ. ಹೊರಗಿನ ಪ್ರೋಗ್ರಾಂ ಇದ್ದರೆ ಡೇಟ್ ನೋಡಿ ಕೊಂಡ ಒಂದು ಹೊಸದು ಬ್ಯಾಗಿನಲ್ಲಿರಲಿ. ಪ್ಯಾಕೆಟ್ ಒಡೆದಿದ್ದರೆ ತುದಿಗೆ ಟೇಪ್ ಸುತ್ತಿ, ಎರಡು ತುದಿಯೂ ಒಂದೇ ಕಡೆ ಇರುವುದರಿಂದ ಬೀಗದ ಕೈ ತಾಗಿದರೂ ಸಾಕು, ಶಾರ್ಟ್ ಆಗಿ ಕಾದುಬಿಡುತ್ತದೆ.