ಟಿಕೆಟ್ ಕನ್ನಡದ್ದು, ಪರದೆ ಮೇಲೆ ತೆಲುಗು: ಬಳ್ಳಾರಿಯಲ್ಲಿ ಪಿಚ್ಚರ್‌ಗೆ ಹೋಗುವ ಮುನ್ನ ಇದನ್ನು ಓದಿ

ಬಳ್ಳಾರಿಯ ಒಂದು ಟಾಕೀಸಿನಲ್ಲಿ ಭಾನುವಾರದ ಮ್ಯಾಟ್ನಿ. ಆ್ಯಪ್‌ನಲ್ಲಿ ಆ ಶೋ ಎದುರು ‘ಕನ್ನಡ, 2ಡಿ’ ಎಂದಿತ್ತು. ಕಾಂಪೌಂಡಿಗೆ ಅಂಟಿಸಿದ್ದ ವಾಲ್‌ಪೋಸ್ಟರ್ ಕೂಡ ಕನ್ನಡದ್ದೇ. ಸಂಡೂರು ಕಡೆಯಿಂದ ಬಂದಿದ್ದ ಒಂದು ಕುಟುಂಬ, ಅಜ್ಜಿಯಿಂದ ಹಿಡಿದು ಮೂರನೇ ಕ್ಲಾಸಿನ ಹುಡುಗನ ತನಕ ಆರು ಮಂದಿ, ಸೀಟಿಗೆ 150 ರೂಪಾಯಿಯಂತೆ 900 ರೂಪಾಯಿ, ಅದರ ಮೇಲೆ ಆ್ಯಪ್‌ನ ಬುಕಿಂಗ್ ಶುಲ್ಕ ಕೊಟ್ಟು ಬಾಲ್ಕನಿಯಲ್ಲಿ ಕೂತಿತ್ತು. ಪಿಚ್ಚರ್ ಶುರುವಾದದ್ದು ತೆಲುಗಿನಲ್ಲಿ. ಹತ್ತು ನಿಮಿಷ ಕಾದು ಕೌಂಟರಿಗೆ ಇಳಿದು ಬಂದರೆ ಸಿಕ್ಕ ಉತ್ತರ: “ತೆಲುಗು ಆದ್ರೇನ್ರೀ, ಅದೇ ಪಿಚ್ಚರ್ ಅಲ್ಲೇನು? ದುಡ್ಡು ಬೇಕಂದ್ರ ಆ್ಯಪ್‌ನವರನ್ನ ಕೇಳ್ರಿ.” ಆ್ಯಪ್‌ನವರು ಕೊಟ್ಟ ಉತ್ತರ: “ಶೋ ರದ್ದಾಗಿಲ್ಲ, ಹಾಗಾಗಿ ಹಣ ವಾಪಸ್ ಇಲ್ಲ.” ಒಳಗೆ ಅಜ್ಜಿ ಇಂಟರ್ವಲ್ ತನಕ ಮೊಮ್ಮಗನನ್ನು “ಏನಂತಾನಪಾ ಅಂವಾ?” ಎಂದು ಕೇಳುತ್ತಲೇ ಇದ್ದರು. ಆ ಹುಡುಗನಿಗೂ ಗೊತ್ತಿರಲಿಲ್ಲ.

ಬಳ್ಳಾರಿ ಊರೊಳಗಿನವರಿಗೆ ತೆಲುಗು ಹೊಸದಲ್ಲ. ಆಂಧ್ರದ ಗಡಿ ಪಕ್ಕದಲ್ಲೇ ಇದೆ, 1953ರ ತನಕ ಇದು ಮದ್ರಾಸಿಗೆ ಸೇರಿದ್ದ ಜಿಲ್ಲೆ. ಹಾಗಾಗಿ ಇಂಥ ಅದಲುಬದಲನ್ನು ಊರಿನವರು ನುಂಗಿಕೊಳ್ಳುತ್ತಾರೆ, ಟಾಕೀಸಿನವರಿಗೂ ಅದೇ ರೂಢಿಯಾಗಿದೆ. ಪೆಟ್ಟು ಬೀಳುವುದು ಸಂಡೂರು, ಕೂಡ್ಲಿಗಿ, ಕೊಪ್ಪಳ ಕಡೆಯಿಂದ ಬಸ್ಸು ಹತ್ತಿ ಬರುವವರಿಗೆ, ಹಿರಿಯರಿಗೆ, ಮಕ್ಕಳಿಗೆ. ಅವರು ಕೊಡುವ ದುಡ್ಡು ಕನ್ನಡದ ಶೋಗೆ. ಕನ್ನಡದ ಶೋನೇ ಸಿಗಬೇಕು.

ಇದು ಯಾಕೆ ಆಗುತ್ತದೆ ಎಂಬುದು ತಿಳಿದರೆ ತಪ್ಪಿಸಿಕೊಳ್ಳುವುದು ಸುಲಭ. ಈಗ ಪಿಚ್ಚರ್ ಬರುವುದು ರೀಲಿನಲ್ಲಲ್ಲ, ಬೀಗ ಹಾಕಿದ ಫೈಲಿನಲ್ಲಿ. ಹಾರ್ಡ್ ಡಿಸ್ಕಿನಲ್ಲೋ ಸ್ಯಾಟಲೈಟ್ ಮೂಲಕವೋ ಫೈಲು ಟಾಕೀಸಿನ ಸರ್ವರಿಗೆ ಇಳಿಯುತ್ತದೆ. ಅದನ್ನು ತೆರೆಯಲು ಬೇರೆಯಾಗಿ ಒಂದು ಕೀ ಬರುತ್ತದೆ. ಆಪರೇಟರ್‌ಗಳ ಬಾಯಲ್ಲಿ ಅದು ಕೆಡಿಎಂ. ಈ ಕೀಗೆ ಮೂರು ಕಟ್ಟುಗಳಿವೆ. ಅದು ಒಂದು ಆವೃತ್ತಿಗೆ ಮಾತ್ರ: ತೆಲುಗಿನ ಕೀ ಕನ್ನಡವನ್ನು ತೆರೆಯುವುದಿಲ್ಲ. ಅದು ಒಂದು ಸರ್ವರಿಗೆ ಮಾತ್ರ: ಒಂದೇ ಕಾಂಪೌಂಡಿನಲ್ಲಿ ಎರಡು ಸ್ಕ್ರೀನ್ ಇದ್ದರೂ ದೊಡ್ಡ ಸ್ಕ್ರೀನಿನ ಕೀ ಚಿಕ್ಕದರಲ್ಲಿ ನಡೆಯುವುದಿಲ್ಲ. ಮೂರನೆಯದು ಅವಧಿ: ಇಂಥ ದಿನ ಇಷ್ಟು ಗಂಟೆಯಿಂದ ಇಂಥ ದಿನ ಇಷ್ಟು ಗಂಟೆ ತನಕ ಎಂದು ಬರೆದಿರುತ್ತದೆ. ಒಂದು ನಿಮಿಷ ಆಚೀಚೆಯಾದರೂ ಫೈಲು ತೆರೆಯುವುದಿಲ್ಲ.

ಎಡವುವುದು ಇಲ್ಲೇ. ಬಾಕಿ ಹಣದ ತಕರಾರಿನಿಂದ ಕನ್ನಡದ ಕೀ ತಡವಾಗಿ ಬಂದಿರುತ್ತದೆ, ತೆಲುಗಿನದು ಮಾತ್ರ ಕೈಯಲ್ಲಿರುತ್ತದೆ. ಇಲ್ಲವೇ ಜನ ಕಡಿಮೆ ಎಂದು ಕನ್ನಡದ ಶೋವನ್ನು ಚಿಕ್ಕ ಸ್ಕ್ರೀನಿಗೆ ಸರಿಸುತ್ತಾರೆ, ಆ ಸರ್ವರಿಗೆ ಕನ್ನಡದ ಕೀ ಇರುವುದಿಲ್ಲ. ಅದಕ್ಕೇ ಬಿಡುಗಡೆಯ ಮೊದಲ ಮಾರ್ನಿಂಗ್ ಶೋ, ಆಮೇಲೆ ಎರಡನೇ ವಾರ ಶುರುವಾಗುವ ಶುಕ್ರವಾರದ ಮೊದಲ ಶೋ, ಇವೆರಡೂ ಅಪಾಯದ ಶೋಗಳು. ಮೊದಲನೆಯದಕ್ಕೆ ಕೀ ಇನ್ನೂ ಬಂದಿರುವುದಿಲ್ಲ, ಎರಡನೆಯದಕ್ಕೆ ಹಳೆಯ ಕೀಯ ಅವಧಿ ಮುಗಿದಿರುತ್ತದೆ. ತೆಲುಗು ಬಾರದವರನ್ನು ಕರೆದುಕೊಂಡು ಹೋಗುವುದಿದ್ದರೆ ಶನಿವಾರದ ಶೋ ವಾಸಿ.

ಕೀ ಸರಿಯಾಗಿದ್ದರೂ ಬೇಕೆಂದೇ ಬದಲಿಸುವುದುಂಟು. ಕನ್ನಡಕ್ಕೆ ಮೂವತ್ತು ಸೀಟು ಬುಕ್ ಆಗಿ, ಕೌಂಟರ್ ಮುಂದೆ ತೆಲುಗು ಕೇಳುವವರು ಇನ್ನೂರು ಮಂದಿ ನಿಂತಿದ್ದರೆ, ಆ ಇನ್ನೂರನ್ನು ಬಿಡಲು ಮನಸ್ಸು ಬರುವುದಿಲ್ಲ. ನಿಯಮದಂತೆ ಮಾಡುವುದಾದರೆ ಕನ್ನಡದ ಶೋವನ್ನು ಬುಕಿಂಗ್ ವ್ಯವಸ್ಥೆಯಲ್ಲಿ ರದ್ದು ಮಾಡಿ ತೆಲುಗಿನ ಹೊಸ ಶೋ ತೆರೆಯಬೇಕು. ರದ್ದು ಮಾಡಿದರೆ ಮೂವತ್ತು ಮಂದಿಯ ಹಣ ತಾನಾಗಿ ವಾಪಸ್ ಹೋಗುತ್ತದೆ. ಅದನ್ನು ಮಾಡದೆ, ಪಟ್ಟಿಯಲ್ಲಿ ಕನ್ನಡವೆಂದೇ ಬಿಟ್ಟು ಪರದೆ ಮೇಲೆ ಮಾತ್ರ ತೆಲುಗು ಹಾಕುತ್ತಾರೆ. ಆ್ಯಪ್‌ನ ಲೆಕ್ಕದಲ್ಲಿ ಶೋ ನಡೆದಿದೆ, ನಿಮ್ಮ ಕ್ಯೂಆರ್ ಗೇಟಿನಲ್ಲಿ ಸ್ಕ್ಯಾನ್ ಆಗಿದೆ. ಹಣ ವಾಪಸ್ ಬಾರದಿರುವುದಕ್ಕೆ ಇದೊಂದೇ ಕಾರಣ. ಹಾಗಾಗಿ ನೀವು ಟಾಕೀಸಿನವರಿಂದ ಕೇಳಬೇಕಾದದ್ದು ಬರೀ ‘ದುಡ್ಡು ಕೊಡಿ’ ಎಂದಲ್ಲ. ‘ಈ ಸೀಟುಗಳನ್ನು ನಿಮ್ಮ ಕಡೆಯಿಂದ ರದ್ದು ಎಂದು ಹಾಕಿ’ ಎಂದು ಕೇಳಿ. ಆ ಅಧಿಕಾರ ಇರುವುದು ಟಾಕೀಸಿನವರಿಗೇ.

ಗೇಟು ದಾಟುವ ಮುನ್ನವೇ ಕೇಳಿಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಕ್ಯೂಆರ್ ಸ್ಕ್ಯಾನ್ ಮಾಡಿಸುವ ಮೊದಲು ಗೇಟ್‌ಕೀಪರಿಗೆ “ಅಣ್ಣಾ, ಈ ಶೋ ಕನ್ನಡಾನೋ ತೆಲುಗೋ?” ಎಂದು ಬಾಯಿ ಬಿಟ್ಟು ಕೇಳಿ. ಅವರಿಗೆ ಗೊತ್ತಿರುತ್ತದೆ, ಸುಳ್ಳೂ ಹೇಳುವುದಿಲ್ಲ. ಕೌಂಟರ್ ಪಕ್ಕದ ಬೋರ್ಡಿನ ಫೋಟೊ, ಆ್ಯಪ್‌ನಲ್ಲಿ ಭಾಷೆ ಕಾಣುವಂತೆ ಟಿಕೆಟಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬುಕ್ ಮಾಡುವಾಗಲೂ ಒಂದು ಮಾತು: ಚಿತ್ರದ ಹೆಸರು ಒತ್ತಿದ ಕೂಡಲೇ ಭಾಷೆ ಕೇಳುವ ಪುಟ ಬರುತ್ತದೆ. ಅವಸರದಲ್ಲಿ ಮೊದಲ ಸಾಲನ್ನು ಒತ್ತಿಬಿಟ್ಟರೆ ತಪ್ಪು ನಮ್ಮದೇ ಆಗುತ್ತದೆ, ಆಗ ಯಾರನ್ನೂ ಕೇಳಲು ಬರುವುದಿಲ್ಲ.

ಒಳಗೆ ಕೂತ ಮೇಲೆ ಕಣ್ಣಿಡಬೇಕಾದದ್ದು ಸೆನ್ಸಾರ್ ಸರ್ಟಿಫಿಕೇಟಿನ ಮೇಲೆ. ಅದು ಬಂದಾಗ ಜನ ಸಿಳ್ಳೆ ಹಾಕುತ್ತಾರೆ, ಓದುವವರು ಕಡಿಮೆ. ಬೇಕಾದದ್ದೆಲ್ಲ ಅದರಲ್ಲೇ ಇದೆ: ಚಿತ್ರದ ಹೆಸರು, ಭಾಷೆ, ಡಬ್ಬಿಂಗ್ ಆಗಿದ್ದರೆ ಆ ಮಾತು, ಎಷ್ಟು ನಿಮಿಷದ ಚಿತ್ರ, ಯಾವ ವರ್ಗ. ಅಲ್ಲಿ ‘ತೆಲುಗು’ ಎಂದಷ್ಟೇ ಇದ್ದರೆ ಮುಂದೆ ಬರುವುದು ತೆಲುಗೇ, ಕಾದು ನೋಡುವುದೇನೂ ಇಲ್ಲ. ಅದರ ಫೋಟೊ ತೆಗೆಯಲು ಮಾತ್ರ ಮೊಬೈಲ್ ಎತ್ತಬೇಡಿ. ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿಯ ನಂತರ ಟಾಕೀಸಿನಲ್ಲಿ ಅನುಮತಿಯಿಲ್ಲದೆ ಚಿತ್ರವನ್ನು ರೆಕಾರ್ಡ್ ಮಾಡಿದರೆ ಕನಿಷ್ಠ 3 ತಿಂಗಳಿಂದ 3 ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ. ನ್ಯಾಯ ಕೇಳಲು ಹೋದವರ ಮೇಲೇ ದೂರು ಬರುವಂತಾಗಬಾರದು. ಸರ್ಟಿಫಿಕೇಟು ಓದಿ, ಗಂಟೆ ಎಷ್ಟಾಗಿದೆ ಎಂದು ನೋಡಿಕೊಂಡು ಎದ್ದು ಹೊರಗೆ ಬನ್ನಿ. ಇಂಟರ್ವಲ್ ತನಕ ಕೂತರೆ ‘ಅರ್ಧ ಪಿಚ್ಚರ್ ನೋಡಿದೀರಲ್ಲ’ ಎಂಬ ಮಾತು ಬರುತ್ತದೆ, ಆ ಮಾತಿಗೆ ತೂಕವೂ ಇದೆ. ಮ್ಯಾನೇಜರ್ ಹತ್ತಿರ ಹೋಗಿ ಕೌಂಟರ್ ಟಿಕೆಟ್ ಆದರೆ ಅದರ ಹಿಂದೆ, ಆನ್‌ಲೈನ್ ಆದರೆ ಒಂದು ಬಿಳಿ ಹಾಳೆಯಲ್ಲಿ, ‘ಕನ್ನಡದ ಬದಲು ತೆಲುಗು ಆವೃತ್ತಿ ಹಾಕಲಾಗಿದೆ’ ಎಂದು ದಿನಾಂಕ, ಸಮಯ ಸಮೇತ ಬರೆಸಿ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದೆ ಹಣವನ್ನೇ ಕೊಟ್ಟರೂ ಸರಿ, ಮುಂದಿನ ಕನ್ನಡ ಶೋಗೆ ಸೀಟು ಕೊಟ್ಟರೂ ಸರಿ.

ನಿಮಿಷದ ಲೆಕ್ಕವೂ ಕೆಲಸಕ್ಕೆ ಬರುತ್ತದೆ. 175 ನಿಮಿಷದ ಚಿತ್ರಕ್ಕೆ ಇಂಟರ್ವಲ್ 15, ಜಾಹೀರಾತು 10 ಸೇರಿದರೆ 200 ನಿಮಿಷ. ಶೋಗಳ ನಡುವೆ ಮೂರೇ ಗಂಟೆ ಬಿಟ್ಟಿದ್ದರೆ, ಅಂದರೆ 180 ನಿಮಿಷ, ಕಸ ಗುಡಿಸುವ ಹೊತ್ತನ್ನು ಬಿಟ್ಟರೂ 20 ನಿಮಿಷ ಕಡಿಮೆ ಬೀಳುತ್ತದೆ. ಅದು ಶೋದಿಂದ ಶೋಗೆ ಬೆಳೆಯುತ್ತ ರಾತ್ರಿಯ ಸೆಕೆಂಡ್ ಶೋ ಒಂದು ಗಂಟೆ ತಡವಾಗುವುದು ಹೀಗೆಯೇ. ಊರಿಗೆ ಕೊನೆಯ ಬಸ್ಸು ಹಿಡಿಯಬೇಕಾದವರು ಫಸ್ಟ್ ಶೋವನ್ನೂ ನಂಬಬೇಡಿ, ಮ್ಯಾಟ್ನಿಗೆ ಹೋಗಿ.

ಈಗ ಶಬ್ದದ ವಿಷಯ. ಇದರ ಬಗ್ಗೆ ದೂರು ಹೇಳುವವರು ತುಂಬ ಮಂದಿ, ಸರಿಯಾಗಿ ಹೇಳುವವರು ಕಡಿಮೆ. ಪರದೆಯ ಹಿಂದೆ ಮೂರು ಸ್ಪೀಕರ್: ಎಡ, ಬಲ, ನಡುವೆ. ಮಾತೆಲ್ಲ ಬರುವುದು ನಡುವಿನದರಿಂದ. ಹಾಡು, ಹೊಡೆದಾಟದ ಸದ್ದು ಹೆಚ್ಚಾಗಿ ಎಡಬಲಗಳಿಂದ. ನಡುವಿನ ಸ್ಪೀಕರೋ ಅದರ ಆಂಪ್ಲಿಫಯರೋ ಕೆಟ್ಟರೆ ಹಾಡು ಕಿವಿಗಡಚಿಕ್ಕುತ್ತದೆ, ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಆಗ ಜನ “ಸೌಂಡ್ ಕೊಡ್ರೋ” ಎಂದು ಕೂಗುತ್ತಾರೆ, ಆಪರೇಟರ್ ವಾಲ್ಯೂಮ್ ಏರಿಸುತ್ತಾನೆ, ಹಾಡು ಇನ್ನೂ ಜೋರಾಗುತ್ತದೆ, ಮಾತು ಅಲ್ಲೇ ಉಳಿಯುತ್ತದೆ. ಹಾಗೆ ಕೂಗದೆ, ಒಬ್ಬರು ಎದ್ದು ಹೋಗಿ “ಸೆಂಟರ್ ಬರ್ತಿಲ್ಲ” ಎಂದು ಹೇಳಿ. ಈ ಎರಡು ಪದ ಕೇಳಿದರೆ ಕ್ಯಾಬಿನ್ನಿನಲ್ಲಿರುವವರಿಗೆ ಎಲ್ಲಿ ನೋಡಬೇಕೆಂದು ಗೊತ್ತಾಗುತ್ತದೆ. ಪರೀಕ್ಷೆ ಮಾಡಲು ಚಿತ್ರದ ಮೊದಲಿಗೆ ಬರುವ ತಂಬಾಕು ಎಚ್ಚರಿಕೆಯನ್ನು ಕೇಳಿಸಿಕೊಳ್ಳಿ. ಆ ದನಿ ಪರದೆಯ ನಟ್ಟನಡುವಿನಿಂದ ಸ್ಪಷ್ಟವಾಗಿ ಬರಬೇಕು. ಅಂಗಡಿಗಳ ಜಾಹೀರಾತಿನಿಂದ ಅಳೆಯಬೇಡಿ, ಅವುಗಳಲ್ಲಿ ಮಾತು ಎಡಬಲಗಳಿಂದ ಬರುವುದೂ ಉಂಟು.

ಚಿತ್ರ ಮಂಕಾಗಿದೆಯೇ ಎಂದು ತಿಳಿಯಲು ಮತ್ತೆ ಆ ಸರ್ಟಿಫಿಕೇಟೇ ಅಳತೆಗೋಲು. ಅದರ ತಿಳಿ ಬಣ್ಣದ ಹಾಳೆ ಬೂದಿ ಬಣ್ಣಕ್ಕೆ ತಿರುಗಿದಂತೆ ಕಂಡರೆ ಪ್ರೊಜೆಕ್ಟರಿನ ದೀಪದ ಆಯಸ್ಸು ಮುಗಿಯುತ್ತ ಬಂದಿದೆ, ಇಲ್ಲವೇ ಹಿಂದಿನ ಶೋದ 3ಡಿ ಫಿಲ್ಟರನ್ನು ಲೆನ್ಸಿನ ಮುಂದಿಂದ ತೆಗೆದಿಲ್ಲ. ಎರಡನೆಯದಾದರೆ ಸರಿಪಡಿಸಲು ಒಂದು ನಿಮಿಷ ಸಾಕು, ಹೋಗಿ ಹೇಳಿ. ದೀಪದ್ದಾದರೆ ಆ ದಿನ ಏನೂ ಆಗದು. 2ಡಿ ಚಿತ್ರಕ್ಕೆ ಪರದೆಯ ಮೇಲೆ ಇರಬೇಕಾದ ಬೆಳಕಿನ ಅಂತರರಾಷ್ಟ್ರೀಯ ಅಳತೆ 14 ಫುಟ್‌ಲ್ಯಾಂಬರ್ಟ್. 3ಡಿಯಲ್ಲಿ ಕನ್ನಡಕ ದಾಟಿ ಕಣ್ಣಿಗೆ ತಲುಪುವುದು ಒಳ್ಳೆಯ ಟಾಕೀಸಿನಲ್ಲೂ ಅದರ ಮೂರನೇ ಒಂದು ಭಾಗದ ಆಸುಪಾಸು. ಹಳೆಯ ದೀಪದ ಟಾಕೀಸಿನಲ್ಲಿ 3ಡಿಗೆ ಹೆಚ್ಚು ದುಡ್ಡು ಕೊಡುವುದು ದಂಡ.

ಮಕ್ಕಳಿದ್ದರೆ ವರ್ಗ ನೋಡಿ. ಯುಎ ಈಗ ಮೂರು ಭಾಗವಾಗಿದೆ: 7+, 13+, 16+. ಇವು ತಂದೆತಾಯಿಗೆ ಸೂಚನೆ ಅಷ್ಟೆ. ‘ಎ’ ಆದರೆ ಹಾಗಲ್ಲ. 18 ತುಂಬದವರನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ, ಟಿಕೆಟಿನ ಹಣ ಹೋದ ಹಾಗೆಯೇ.

ದರದ ಬಗ್ಗೆ ಕೌಂಟರಿನಲ್ಲಿ ಜಗಳ ಆಗುತ್ತಿರುವುದರಿಂದ ಎರಡು ಮಾತು. 200 ರೂಪಾಯಿ ಮಿತಿಯ ನಿಯಮವನ್ನು ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ತಂದಿತು. ಅದೇ ತಿಂಗಳ 23ರಂದು ಹೈಕೋರ್ಟ್ ತಡೆ ಕೊಟ್ಟಿತು. ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿ ತನಕದ ಟಿಕೆಟಿಗೆ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18. ಹೊರಗಿನ ತಿಂಡಿಗೆ ಬೇಡ ಎನ್ನುವ ಹಕ್ಕು ಟಾಕೀಸಿಗಿದೆ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕುಡಿಯುವ ನೀರು ಬಿಟ್ಟಿ ಸಿಗಬೇಕು, ಕೂಸಿನ ಆಹಾರವನ್ನು ಒಳಗೆ ಬಿಡಬೇಕು ಎಂಬ ಮಾತೂ ಅಲ್ಲಿದೆ. ಬಳ್ಳಾರಿಯ ಮೇ ತಿಂಗಳಲ್ಲಿ ಮಗುವಿನ ನೀರಿನ ಬಾಟಲಿ ಕಿತ್ತುಕೊಳ್ಳಲು ಬಂದರೆ ಇದನ್ನು ನೆನಪಿಸಿ.

ಹೌಸ್‌ಫುಲ್ ದಿನಗಳಲ್ಲಿ ವಾಟ್ಸ್ಆ್ಯಪ್‌ನಲ್ಲಿ ಕ್ಯೂಆರ್ ಮಾರುವವರಿಂದ ದೂರ ಇರಿ. ಕ್ಯೂಆರ್ ಒಂದೇ ಸಲ ಸ್ಕ್ಯಾನ್ ಆಗುವುದು. ಅದೇ ಚಿತ್ರವನ್ನು ಐದು ಮಂದಿಗೆ ಮಾರಿದ್ದರೆ ಮೊದಲು ಗೇಟಿಗೆ ಬಂದವರು ಒಳಗೆ, ಉಳಿದ ನಾಲ್ವರು ಹೊರಗೆ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಭಾಷೆ ಬದಲಾದ ದೂರಿಗೆ ಬಂದರೆ, ಅದೇ ದಿನ ಆ್ಯಪ್‌ನ ಸಹಾಯ ವಿಭಾಗದಲ್ಲಿ ಬರೆಯಿರಿ. ‘ಪಿಚ್ಚರ್ ಚೆನ್ನಾಗಿರಲಿಲ್ಲ’ ಎಂದು ಓದಿಸಿಕೊಳ್ಳುವಂತೆ ಬರೆಯಬೇಡಿ. ಹೀಗೆ ಬರೆಯಿರಿ: ‘ಬುಕಿಂಗ್ ಸಂಖ್ಯೆ ಇಷ್ಟು. ಟಿಕೆಟಿನಲ್ಲಿ ಕನ್ನಡ ಎಂದಿದೆ. ಪ್ರದರ್ಶಿಸಿದ್ದು ತೆಲುಗು ಆವೃತ್ತಿ. ಇಷ್ಟು ಗಂಟೆಗೆ ಹೊರಬಂದು ಮ್ಯಾನೇಜರಿಗೆ ತಿಳಿಸಿದ್ದೇವೆ. ಖರೀದಿಸಿದ ಪ್ರದರ್ಶನ ನಡೆದಿಲ್ಲ. ಶುಲ್ಕ ಸಮೇತ ಪೂರ್ತಿ ಹಣ ಹಿಂದಿರುಗಿಸಿ.’ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷ ರೂಪಾಯಿ ತನಕದ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ಘಟನೆ ನಡೆದ 2 ವರ್ಷದೊಳಗೆ ದೂರು ಕೊಡಬಹುದು. ಟಾಕೀಸು, ಆ್ಯಪ್ ಎರಡನ್ನೂ ಎದುರುದಾರರಾಗಿ ಸೇರಿಸಿ. ಒಬ್ಬರನ್ನೇ ಹಾಕಿದರೆ ಅವರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.