ಟೋ ಫ್ಲೋಟ್ ತಗೊಳ್ಳೋಕೆ ಮುಂಚೆ ಇದನ್ನ ಓದಿ

ನಮ್ಮ ಪೂಲ್ ಗ್ರೂಪಲ್ಲಿ ಸಮುದ್ರದ ರೇಸಿಗೆ ಹೆಸರು ಕೊಟ್ಟೋರೆಲ್ಲ ಯಾವ ಟೋ ಫ್ಲೋಟ್ (ಈಜೋವಾಗ ಹಿಂದೆ ಕಟ್ಕೊಳ್ಳೋ ಗಾಳಿ ಚೀಲ) ತಗೊಳ್ಳೋದು ಅಂತ ಕೇಳ್ತಾನೇ ಇರ್ತಾರೆ, ಒಬ್ಬೊಬ್ರಿಗೂ ಹೇಳೋ ಬದಲು ಇಲ್ಲೇ ಬರೆದುಬಿಡ್ತೀನಿ. ನಾನು ಆನ್‌ಲೈನಲ್ಲಿ ತರಿಸಿದ್ದು 20 ಲೀಟರಿಂದು, ಪಿವಿಸಿ, ಕಣ್ಣು ಕುಕ್ಕೋ ಕಿತ್ತಳೆ ಬಣ್ಣ, ಸಾವಿರದ ಐನೂರರ ಆಸುಪಾಸು ಆಯ್ತು. ಸೊಂಟಕ್ಕೆ ಒಂದು ಬೆಲ್ಟ್, ಬೆಲ್ಟಿಗೆ ಒಂದು ಪಟ್ಟಿ, ಪಟ್ಟಿ ತುದೀಲಿ ಗಾಳಿ ತುಂಬಿದ ಚೀಲ, ನೀವು ಈಜ್ತಾ ಹೋದ್ರೆ ಅದು ಹಿಂದೆ ತೇಲ್ಕೊಂಡು ಬರತ್ತೆ. ಅಷ್ಟೇ.

ಇಷ್ಟಕ್ಕೆ ಅಷ್ಟು ದುಡ್ಡಾ ಅನ್ಸತ್ತೆ ನಿಜ, ಆದ್ರೆ ಈ ರೇಸ್‌ಗಳೆಲ್ಲ ಹೇಗೆ ಬೆಳ್ಕೊಂಡು ಬಂದ್ವು ಅಂತ ನೋಡಿದ್ರೆ ಇದರ ಬೆಲೆ ಗೊತ್ತಾಗತ್ತೆ. 1875ರಲ್ಲಿ ಮ್ಯಾಥ್ಯೂ ವೆಬ್ ಇಂಗ್ಲೆಂಡ್-ಫ್ರಾನ್ಸ್ ಮಧ್ಯದ ಸಮುದ್ರ, ಅಂದ್ರೆ ಇಂಗ್ಲಿಷ್ ಚಾನಲ್, ಈಜಿ ದಾಟಿದಾಗ್ಲೂ, 1958ರಲ್ಲಿ ನಮ್ಮ ಮಿಹಿರ್ ಸೇನ್, ಮರುವರ್ಷ ಆರತಿ ಸಾಹಾ ದಾಟಿದಾಗ್ಲೂ ಜೊತೇಲಿ ದೋಣಿ ಇದ್ದೇ ಇತ್ತು. ಚಾನಲ್ ಈಜಲ್ಲಿ ದೋಣಿ ಮುಟ್ಟಿದ್ರೆ ಔಟ್, ಆದ್ರೆ ಅದ್ರಲ್ಲಿರೋರ ಕಣ್ಣು ಮಾತ್ರ ಈಜೋರ ಮೇಲೇ ಇರತ್ತೆ. ಆಸ್ಟ್ರೇಲಿಯಾದಲ್ಲಿ ಕಾಟೆಸ್ಲೋ ಬೀಚಿಂದ ರಾಟ್‌ನೆಸ್ಟ್ ದ್ವೀಪಕ್ಕೆ 19.7 ಕಿಲೋಮೀಟರ್ ರೇಸ್ 1991ರಿಂದ ನಡೀತಿದೆ, ಅಲ್ಲೂ ಒಬ್ಬರೇ ಈಜೋದಾದ್ರೆ ನಿಮ್ಮ ದೋಣಿ ನೀವೇ ಗೊತ್ತು ಮಾಡ್ಕೋಬೇಕು. ನಮ್ಮ ದೇಶದಲ್ಲೇ ಪಶ್ಚಿಮ ಬಂಗಾಳದ ಮುರ್ಶಿದಾಬಾದ್ ಕಡೆ ಭಾಗೀರಥಿ ನದೀಲಿ ಜಂಗೀಪುರದಿಂದ ಬಹರಂಪುರದ ತನಕ 81 ಕಿಲೋಮೀಟರ್ ರೇಸ್ ಆಗತ್ತೆ, ದಡದಲ್ಲಿ ಜಾತ್ರೆ ಜನ, ಕ್ರಿಕೆಟ್ ಬಿಟ್ರೆ ಬೇರೇನೂ ತೋರಿಸದ ನಮ್ಮ ಟೀವಿಯೋರಿಗೆ ಅದು ಕಣ್ಣಿಗೇ ಬೀಳಲ್ಲ ಬಿಡಿ.

ಪೇಚಾಟ ಶುರುವಾಗೋದು ಸಾವಿರಾರು ಜನ ಈಜೋ ರೇಸಲ್ಲಿ. ದಕ್ಷಿಣ ಆಫ್ರಿಕಾದ ಮಿಡ್ಮಾರ್ ಮೈಲ್ ತಗೊಳ್ಳಿ, ಅಣೆಕಟ್ಟಿನ ಹಿನ್ನೀರಲ್ಲಿ ಒಂದು ಮೈಲಿ, 1974ರಲ್ಲಿ ಶುರುವಾದಾಗ ನೀರಿಗಿಳಿದೋರು 153 ಜನ, ಆಮೇಲೆ ಹತ್ತು ಸಾವಿರ ದಾಟಿ ಗಿನ್ನೆಸ್ ದಾಖಲೆಗೂ ಹೋಯ್ತು. ಅಷ್ಟು ಜನಕ್ಕೆ ತಲೆಗೊಂದು ದೋಣಿ ಎಲ್ಲಿಂದ ತರ್ತಾರೆ? ಬಣ್ಣದ ಕ್ಯಾಪ್ ಹಾಕಿಸಿ ಬ್ಯಾಚ್ ಬ್ಯಾಚಾಗಿ ಬಿಡೋದೇ ದಾರಿ. ಇನ್ನು 2010ರಲ್ಲಿ ಯುಎಇಯ ಫುಜೈರಾದಲ್ಲಿ ಆಗಿದ್ದು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ತೊಳೆಸತ್ತೆ, ಅದು ಈಜು ವಿಶ್ವಕಪ್ಪಿನ 10 ಕಿಲೋಮೀಟರ್ ರೇಸು, ನೀರು ಕಾದಿತ್ತು, ಅಮೆರಿಕದ ಫ್ರಾನ್ ಕ್ರಿಪ್ಪೆನ್ ಅಂತ 26 ವರ್ಷದ ಚಾಂಪಿಯನ್ ಹುಡುಗ ಮುಳುಗಿದ್ದು ಯಾರಿಗೂ ಗೊತ್ತಾಗ್ಲಿಲ್ಲ, ಉಳಿದೋರು ದಡ ಸೇರಿದ್ಮೇಲೆ ಇವನೆಲ್ಲಿ ಅಂತ ಹುಡುಕಾಟ. ಅದಾದ್ಮೇಲೆ ನೀರು 31 ಡಿಗ್ರಿ ಮೀರಿದ್ರೆ ರೇಸ್ ನಡೆಸಬಾರದು ಅಂತ ನಿಯಮ ಬಂತು. ಅಂಥೋರ ಗತಿನೇ ಹಾಗಾದ್ರೆ ವೀಕೆಂಡ್ ಈಜೋ ನಮ್ಮಂಥೋರು ಯಾವ ಲೆಕ್ಕ. ಕಪ್ಪು ತಲೆ ಒಂದು ಅಲೆ ಹಿಂದೆ ಹೋದ್ರೆ ಮುಗೀತು, ಯಾರಿಗೂ ಕಾಣಲ್ಲ.

ದೂರದಿಂದ ಕಾಣಿಸ್ಕೊಳ್ಳೋ ಆ ಕೆಲಸಕ್ಕೆ ಈ ಫ್ಲೋಟ್ ಬೆಸ್ಟ್. ಉಡುಪಿ ಕಡೆ ಸಮುದ್ರದಲ್ಲಿ ಈಜಿ ಬಂದಾಗ ದೋಣಿ ಹತ್ರ ಬಲೆ ಬಿಡಿಸ್ತಾ ಕೂತಿದ್ದೋರು "ನಿಮ್ಮ ತಲೆ ಕಾಣ್ಲೇ ಇಲ್ಲ ಮಾರಾಯ್ರೆ, ಆ ಚೀಲ ಮಾತ್ರ ಕಾಣ್ತಾ ಇತ್ತು" ಅಂದ್ರು. ಎಳೀತಾ ಇದೆ ಅಂತ ಅನ್ಸೋದೇ ಇಲ್ಲ, ಫ್ರೀಸ್ಟೈಲಿಗೆ ಏನೂ ತೊಂದ್ರೆ ಇಲ್ಲ. ಬ್ರೆಸ್ಟ್‌ಸ್ಟ್ರೋಕ್ ಒದ್ದಾಗ ಮಾತ್ರ ಹಿಮ್ಮಡಿ ಪಟ್ಟಿಗೆ ಸಿಕ್ಕೋತಿತ್ತು, ಪಟ್ಟಿ ಗಿಡ್ಡ ಮಾಡಿ ಚೀಲನ ಸೊಂಟದ ಹತ್ರಾನೇ ತಂದ್ಮೇಲೆ ಸರಿಹೋಯ್ತು. ಅಡ್ಡಗಾಳಿ ಬೀಸಿದ್ರೆ ಅದು ಒಂದು ಕಡೆಗೆ ಓಡತ್ತೆ, ಅಲೆ ಹಿಂದಿಂದ ಬಂದ್ರೆ ಬೆನ್ನಿಗೇ ಬಂದು ಬಡಿಯತ್ತೆ, ಕಿರಿಕಿರಿ ಆದ್ರೂ ನೋವಾಗಲ್ಲ.

ಈಗ ಬೈಗುಳದ ಪಾಲು. ಮೊದಲು ಬಂದ ಪೀಸಲ್ಲಿ ವಾಲ್ವ್ ಲೀಕು, ಬಕೆಟಲ್ಲಿ ಅದುಮಿ ಹಿಡಿದ್ರೆ ಸಣ್ಣ ಸಣ್ಣ ಗುಳ್ಳೆ ಬರ್ತಿತ್ತು, ಮಾರಿದೋರು ವಿಡಿಯೋ ಕಳ್ಸಿ, ಇನ್ನೊಂದು ಆಂಗಲಲ್ಲಿ ಕಳ್ಸಿ ಅಂತ ಸತಾಯಿಸಿ ಆಮೇಲೆ ಬದಲಾಯಿಸಿ ಕೊಟ್ರು. ಗಾಳಿಗೆ ಎರಡು ಬೇರೆ ಬೇರೆ ಚೇಂಬರ್ ಇದೆ ಅನ್ನೋದೊಂದೇ ಸಮಾಧಾನ, ಒಂದು ಕೈಕೊಟ್ರೂ ಇನ್ನೊಂದು ತೇಲತ್ತೆ. ಒಳಗೆ ಸಾಮಾನು ಇಡೋ ಡ್ರೈ ಬ್ಯಾಗ್ ಪೂರ್ತಿ ವಾಟರ್‌ಪ್ರೂಫ್ ಅಂತ ಬರ್ಕೊಂಡಿದಾರೆ, ನಂಬಬೇಡಿ, ಬಾಯಿನ ಮೂರು ಸುತ್ತು ಸುತ್ತಿ ಕ್ಲಿಪ್ ಹಾಕಿದ್ರೂ ಟವಲ್ ಅಂಚು ಒದ್ದೆ ಆಗಿತ್ತು. ಚಪ್ಪಲಿ, ಕಾರಿನ ಬೀಗದಕೈಗೆ ಓಕೆ, ಫೋನ್ ಇಡೋದಾದ್ರೆ ಬೇರೆ ಜಿಪ್ ಕವರಲ್ಲಿ ಹಾಕಿಡಿ.

ಇನ್ನೊಂದು ವಿಷಯ, ಚೀಲದ ಮೇಲೇ ಇದು ಜೀವರಕ್ಷಕ ಸಾಧನ ಅಲ್ಲ ಅಂತ ಸಣ್ಣಕ್ಷರದಲ್ಲಿ ಪ್ರಿಂಟ್ ಮಾಡಿದಾರೆ. ಸುಸ್ತಾದ್ರೆ ಅಪ್ಪಿಕೊಂಡು ಉಸಿರು ತಗೋಬಹುದು, ನಾನೂ ತಗೊಂಡಿದೀನಿ, ಆದ್ರೆ ಪ್ರಜ್ಞೆ ತಪ್ಪಿದ್ರೆ ಇದು ನಿಮ್ಮ ಮುಖನ ನೀರಿಂದ ಮೇಲೆ ಎತ್ತಿ ಹಿಡಿಯಲ್ಲ. ಈಜು ಸರಿಯಾಗಿ ಬರದೇ ಇದನ್ನ ನಂಬ್ಕೊಂಡು ಆಳಕ್ಕೆ ಹೋಗೋ ಪ್ಲ್ಯಾನ್ ಇದ್ರೆ ದಯವಿಟ್ಟು ಬೇಡ.

ಬೆಂಗಳೂರಲ್ಲಿ ಟ್ರೈ ಮಾಡೋಕೆ ಜಾಗ ಇಲ್ಲ ಅನ್ನೋದು ದೊಡ್ಡ ತಲೆನೋವು. ಬೆಳ್ಳಂದೂರು ನೊರೆ ಕಥೆ ಗೊತ್ತೇ ಇದೆ, ಮಿಕ್ಕ ಕೆರೆಗಳಿಗೂ ಇಳಿಯೋ ಹಾಗಿಲ್ಲ. ಪೂಲಿಗೆ ತಗೊಂಡು ಹೋದ್ರೆ ಕೋಚ್ "ಏನ್ ಮೇಡಂ, ಗ್ಯಾಸ್ ಸಿಲಿಂಡರ್ ಕಟ್ಕೊಂಡು ಬಂದಿದೀರ" ಅಂತ ನಕ್ಕು, ಜನ ಕಮ್ಮಿ ಇರೋ ಹೊತ್ತಲ್ಲಿ ಕೊನೇ ಲೇನ್ ಕೊಟ್ರು. ಟರ್ನ್ ಹೊಡೆದಾಗ ಕಾಲಿಗೆ ಸುತ್ಕೊಳತ್ತೆ, ಹಾಗಾಗಿ ಗೋಡೆ ಮುಟ್ಟಿ ನಿಂತು ತಿರುಗಿ.

ಪೂಲಲ್ಲಷ್ಟೇ ಈಜೋರು ದುಡ್ಡು ದಂಡ ಮಾಡ್ಕೋಬೇಡಿ. ಸಮುದ್ರಕ್ಕೆ ಹೋಗೋರು ಕಣ್ಣುಮುಚ್ಚಿ ತಗೊಳ್ಳಿ, ಕಿತ್ತಳೆ ಇಲ್ಲಾಂದ್ರೆ ಗುಲಾಬಿ ಬಣ್ಣದ್ದು, ನೀಲಿ ಅಂತೂ ಬೇಡ್ವೇ ಬೇಡ. ಕೆಲವು ರೇಸಲ್ಲಿ ಇದು ಕಡ್ಡಾಯ, ಕೆಲವಲ್ಲಿ ಬಿಡೋದೇ ಇಲ್ಲ, ನಿಯಮ ನೋಡ್ಕೊಂಡು ಆರ್ಡರ್ ಮಾಡಿ. ಉಪ್ಪುನೀರಿಂದ ಬಂದ್ಮೇಲೆ ಸಿಹಿನೀರಲ್ಲಿ ತೊಳ್ದು ನೆರಳಲ್ಲಿ ಒಣಗಿಸಿ, ಒದ್ದೆ ಇದ್ದಾಗ್ಲೇ ಮಡಚಿಟ್ರೆ ಒಳಗೆಲ್ಲ ಅಂಟ್ಕೊಂಡು ನಾತ ಹೊಡೆಯತ್ತೆ. ಐದಕ್ಕೆ ಮೂರೂವರೆ, ಆ ಒಂದೂವರೆ ಕಟ್ ಆಗಿದ್ದು ವಾಲ್ವಿಗೂ ಡ್ರೈ ಬ್ಯಾಗಿಗೂ.